ಚಕ್ಕುಲಿ ಪಾತಾಳಕ್ಕೆ ಇಳಿದದ್ದು

ಬುದ್ಧಿವಂತರು ಸೇರಿದ ಕಡೆ ಎಡವಟ್ಟು ಆಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕುಂದಾಪುರದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಹದಿನೈದು ವರ್ಷ ಕೂತವಳು ನಾನು. ಅಲ್ಲಿ ಒಂದು ವಾರ ಏನೂ ಎಡವಟ್ಟು ಆಗಲಿಲ್ಲವೆಂದರೆ ಆ ವಾರ ಕರೆಂಟು ಇರಲಿಲ್ಲ ಎಂದೇ ಅರ್ಥ. ಬೇರೆಯವರ ಎಡವಟ್ಟುಗಳನ್ನು ಬರೆದರೆ ಊರಿನಲ್ಲಿ ತಿರುಗಾಡುವುದು ಕಷ್ಟ. ಹಾಗಾಗಿ ನನ್ನ ಪಾಲೂ ಇದ್ದ ಕೆಲವನ್ನು ಮಾತ್ರ ಹೇಳುತ್ತೇನೆ. ಇವೆಲ್ಲ ನಡೆದದ್ದು ಒಂದು ಕಂಪ್ಯೂಟರ್ ಆಟದ ಸುತ್ತ. ಆಟದ ಹೆಸರು ‘ಬಿಲ’.

೧. ಹನ್ನೊಂದು ದಿನದ ಆಯುಷ್ಯ

ಸಾವಿರದ ಒಂಬೈನೂರ ತೊಂಬತ್ತೇಳು. ಬೈಂದೂರಿನ ನಮ್ಮ ಮನೆಯಿಂದ ಬೆಳಿಗ್ಗೆ ಇಬ್ಬರು ಹೊರಡುತ್ತಿದ್ದೆವು. ಅಮ್ಮ ಮೀನಿನ ಬುಟ್ಟಿಯೊಂದಿಗೆ, ನಾನು ಟೈಪಿಂಗ್ ಸರ್ಟಿಫಿಕೇಟಿನೊಂದಿಗೆ. ಅಮ್ಮನಿಗೆ ಮೊದಲ ದಿನದಿಂದಲೇ ವ್ಯಾಪಾರ ಗೊತ್ತಿತ್ತು. ನನಗೆ ಕಂಪ್ಯೂಟರಿನ ಸ್ವಿಚ್ಚು ಎಲ್ಲಿದೆ ಎಂಬುದಷ್ಟೇ ಗೊತ್ತಿತ್ತು. ಕೆಲಸಕ್ಕೆ ಸೇರಿದಾಗ ಮಾಲೀಕರು ಒಂದೇ ಒಂದು ಬುದ್ಧಿಮಾತು ಹೇಳಿದ್ದರು. ಪರದೆಯ ಮೇಲೆ ಅರ್ಥವಾಗದ ಅಕ್ಷರಗಳು ಬಂದರೆ ಅದು ವೈರಸ್, ತಕ್ಷಣ ಆಫ್ ಮಾಡಬೇಕು.

ಮೂರನೆಯ ದಿನ ಮೂಲೆಯ ಕಂಪ್ಯೂಟರಿನಲ್ಲಿ ಅದೇ ಬಂದಿತ್ತು. ಕಪ್ಪು ಪರದೆ. ಉದ್ದಕ್ಕೂ ಚುಕ್ಕಿಗಳು, ಸುತ್ತ ಗೆರೆಗಳು, ನಡುವೆ ಅಲ್ಲೊಂದು ಇಲ್ಲೊಂದು ಇಂಗ್ಲಿಷ್ ಅಕ್ಷರ. ಎದುರು ಕುರ್ಚಿಯಲ್ಲಿ ಯಾರೂ ಇಲ್ಲ. ನಾನು ಓಡಿಹೋಗಿ ಸ್ವಿಚ್ಚು ಆರಿಸಿ, ಕೇಂದ್ರವನ್ನೇ ಉಳಿಸಿದವಳ ಹಾಗೆ ಬಂದು ಕೂತೆ.

ಎರಡು ನಿಮಿಷಕ್ಕೆ ಬಿಳಿ ಪಂಚೆಯ ಹಿರಿಯರೊಬ್ಬರು ಚಾ ಕುಡಿದು ಬಾಯಿ ಒರೆಸಿಕೊಳ್ಳುತ್ತ ಒಳಗೆ ಬಂದರು.

‘ಇದ್ನ ಯಾರ್ ಆಫ್ ಮಾಡ್ದದ್ದ್?’

‘ನಾನ್ ಸರ್. ವೈರಸ್ ಬಂದಿತ್ತ್.’

ಅವರು ಕುರ್ಚಿಯಲ್ಲಿ ಮೆಲ್ಲಗೆ ಕೂತು ಕಪ್ಪಾದ ಪರದೆಯನ್ನೇ ನೋಡಿದರು. ‘ವೈರಸ್ ಅಲ್ಲ ಹೆಣೆ. ಅದ್ ನಾನ್. ಹನ್ನೊಂದ್ ದಿನದಿಂದ ಬದ್ಕಿದ್ದೆ.’

ಅವರು ಬ್ರಹ್ಮಾವರದ ನಿವೃತ್ತ ಗಣಿತ ಮೇಷ್ಟ್ರು. ಶನಿವಾರ ನಮ್ಮಲ್ಲಿ ಪ್ರೋಗ್ರಾಮಿಂಗ್ ಕಲಿಸುತ್ತಿದ್ದರು, ಉಳಿದ ದಿನ ಮೂಲೆಯ ಕಂಪ್ಯೂಟರಿನಲ್ಲಿ ತಾವೇ ಬರೆದ ಆಟ ಆಡುತ್ತಿದ್ದರು. ನನ್ನ ಮೇಲೆ ಸಿಟ್ಟಾಗುವ ಬದಲು ಆಟವನ್ನು ಮೊದಲಿನಿಂದ ತೆರೆದು ತೋರಿಸಿದರು. ಇಮೇಲ್ ವಿಳಾಸದ ನಡುವೆ ಬರುವ ಸುರುಳಿ ಚಿಹ್ನೆ ಇದೆಯಲ್ಲ, ಅದು ಆಟದ ನಾಯಕ. ನಮ್ಮ ವಿದ್ಯಾರ್ಥಿಗಳು ಅದಕ್ಕೆ ಚಕ್ಕುಲಿ ಎಂದು ಹೆಸರಿಟ್ಟಿದ್ದರು. ಬಿ ಎಂದರೆ ಬಾವಲಿ, ಎಚ್ ಎಂದರೆ ಹುಲಿ. ಚಕ್ಕುಲಿ ಪಾತಾಳದ ಇಪ್ಪತ್ತೊಂದು ಅಂತಸ್ತು ಇಳಿಯಬೇಕು. ತಳದಲ್ಲಿ ಬ್ರಹ್ಮರಾಕ್ಷಸನೊಬ್ಬ ಮಾಣಿಕ್ಯ ಕಾಯುತ್ತಿದ್ದಾನೆ, ಅದನ್ನು ತಂದು ಮೇಲೆ ಬರಬೇಕು. ಒಂದು ಸಲ ಸತ್ತರೆ ಮುಗಿಯಿತು, ಮತ್ತೆ ಒಂದನೆಯ ಅಂತಸ್ತಿನಿಂದಲೇ ಶುರು. ಹಾಗೆ ಶುರು ಮಾಡಿದಾಗ ಹಳೆಯ ದಾರಿ ಇರುವುದಿಲ್ಲ. ಗೋಡೆ, ಹೊಂಡ, ಹುಲಿ, ಮೆಟ್ಟಿಲು ಎಲ್ಲವನ್ನೂ ಕಂಪ್ಯೂಟರು ಹೊಸದಾಗಿ ಹುಟ್ಟಿಸುತ್ತದೆ.

‘ನೀವೇ ಮಾಡದ್ ಅಲ್ದಾ ಸರ್? ಮಾಣಿಕ್ಯ ಎಲ್ಲಿತ್ತ್ ಅಂದ್ ನಿಮ್ಗೆ ಗೊತ್ತಿಲ್ಯಾ?’

‘ನಾ ಹದ್ನೈದನೇ ಅಂತಸ್ತ್ ದಾಟದ್ದೇ ಇಲ್ಲೆ’ ಎಂದರು ಮೇಷ್ಟ್ರು. ‘ಮಕ್ಕಳನ್ನ ಹುಟ್ಸಿದ್ ಅಪ್ಪಂಗೆ ಅವ್ರ್ ಎಲ್ಲೆಲ್ಲಿ ಹೋತ್ರ್ ಅಂದ್ ಗೊತ್ತಿರತ್ತಾ?’

ಒಬ್ಬ ಮನುಷ್ಯ ಕೂತು ಅಕ್ಷರ ಬರೆದು, ತನಗೇ ಗೊತ್ತಿಲ್ಲದ ಲೋಕವೊಂದನ್ನು ಮಾಡಬಹುದು ಎಂಬುದು ಅಲ್ಲಿಯವರೆಗೆ ನನ್ನ ತಲೆಗೆ ಹೊಳೆದಿರಲಿಲ್ಲ. ಆ ದಿನವೇ ಶನಿವಾರದ ತರಗತಿಗೆ ಹೆಸರು ಕೊಟ್ಟೆ.

ಮರುದಿನ ಮೇಷ್ಟ್ರು ಆ ಕಂಪ್ಯೂಟರಿಗೆ ಒಂದು ಚೀಟಿ ಅಂಟಿಸಿದರು: ‘ಒಳಗೆ ಜೀವ ಇದೆ. ಆಫ್ ಮಾಡಬೇಡಿ.’ ನಮ್ಮಲ್ಲಿ ಕಸ ಗುಡಿಸುವ ಹೆಂಗಸು ಅದನ್ನು ಓದಿದ ಮೇಲೆ ಆ ಮೂಲೆಗೆ ಪೊರಕೆ ತಾಗಿಸಲೇ ಇಲ್ಲ. ದೂರದಿಂದ ಕೈಮುಗಿದು ಮುಂದೆ ಹೋಗುತ್ತಿದ್ದಳು.

೨. ಬೇರೆಯವರ ಹೆಸರಲ್ಲಿ ಸಾಯುವುದು

‘ಬಿಲ’ ಶುರುವಾಗುವ ಮೊದಲು ನಿಮ್ಮ ಹೆಸರು ಕೇಳುತ್ತದೆ. ನೀವು ಸತ್ತ ಮೇಲೆ ಅದನ್ನು ಒಂದು ಪಟ್ಟಿಗೆ ಸೇರಿಸುತ್ತದೆ. ಇಂಥವರು, ಇಷ್ಟನೇ ಅಂತಸ್ತಿನಲ್ಲಿ, ಇಂಥದ್ದರಿಂದ ಸತ್ತರು ಎಂದು ಪಟ್ಟಿ ಹೇಳುತ್ತದೆ. ಹೆಚ್ಚು ಆಳಕ್ಕೆ ಹೋದವರು ಮೇಲೆ, ಬೇಗ ಸತ್ತವರು ಕೆಳಗೆ.

ಇದನ್ನು ಮಾಡುವಾಗ ಮೇಷ್ಟ್ರು ಎಲ್ಲವನ್ನೂ ಯೋಚಿಸಿದ್ದರು, ನಮ್ಮ ಊರನ್ನು ಮಾತ್ರ ಯೋಚಿಸಿರಲಿಲ್ಲ. ನಮ್ಮಲ್ಲಿ ಯಾರಾದರೂ ತಮ್ಮ ಹೆಸರನ್ನು ತಾವೇ ಬರೆದು ‘ಸತ್ತರು’ ಎಂದು ಓದುತ್ತಾರೆಯೇ? ಬಾಯಲ್ಲಿ ಅಂದರೂ ‘ಬಿಡ್ತು ಅನ್ನು’ ಎನ್ನುವ ಜನ. ಹಾಗಾಗಿ ಆಡಲು ಕೂತವರೆಲ್ಲ ತಮಗೆ ಆಗದವರ ಹೆಸರು ಹಾಕಿದರು. ಪಟ್ಟಿಯಲ್ಲಿ ಅತ್ತೆಯರಿದ್ದರು, ಪರೀಕ್ಷೆಯಲ್ಲಿ ಅಂಕ ಕಡಿಮೆ ಕೊಟ್ಟ ಲೆಕ್ಚರರುಗಳಿದ್ದರು. ಎಲ್ಲರಿಗಿಂತ ಹೆಚ್ಚು ಸಲ ಸತ್ತವರು ಒಂದು ಪಂಚಾಯತಿನ ಮೆಂಬರು. ಅವರ ವಾರ್ಡಿನ ಹುಡುಗರೇ ನಮ್ಮಲ್ಲಿ ಹೆಚ್ಚು ಇದ್ದರು, ಅವರ ವಾರ್ಡಿನ ರಸ್ತೆ ಹೇಗಿತ್ತೆಂದು ಬೇರೆ ಹೇಳಬೇಕಾಗಿಲ್ಲ.

ಒಂದು ದಿನ ಮೆಂಬರರೇ ಅರ್ಜಿ ಟೈಪ್ ಮಾಡಿಸಲು ಬಂದರು. ಉಳಿದ ಕಂಪ್ಯೂಟರುಗಳು ಖಾಲಿ ಇರಲಿಲ್ಲ. ಮೂಲೆಯದರ ಎದುರು ಅವರನ್ನು ಕೂರಿಸಿ, ಕಾಗದ ತರಲು ಒಳಗೆ ಹೋದೆ. ವಾಪಸು ಬರುವಾಗ ಅವರು ಕನ್ನಡಕ ಏರಿಸಿಕೊಂಡು ಪಟ್ಟಿ ಓದುತ್ತಿದ್ದರು. 

‘ಇದ್ ನನ್ನ ಹೆಸ್ರ್ ಅಲ್ದಾ?’

‘ಹೌದ್ ಸರ್.’

‘ಬಾವ್ಲಿ ಕಚ್ಚಿ ಸತ್ತೆ. ಹೊಂಡಕ್ಕ್ ಬಿದ್ದ್ ಸತ್ತೆ. ಹಸ್ವಾಯಿ ಸತ್ತೆ.’ ಅವರ ಬೆರಳು ಒಂದೊಂದೇ ಸಾಲು ಏರುತ್ತಿತ್ತು. ‘ಎಂತ ಮಾರಾಯ್ತಿ, ನನ್ನ ಇಷ್ಟ್ ಸಲ ಕೊಂದ್ರ್ಯಾ?’

ಕೆಲಸ ಹೋಯಿತು ಎಂದುಕೊಂಡೆ. ಅಮ್ಮನ ಬುಟ್ಟಿಯ ಪಕ್ಕದಲ್ಲಿ ನನ್ನದೊಂದು ಬುಟ್ಟಿ ಕಣ್ಣಿಗೆ ಕಂಡಿತು. ಅಷ್ಟರಲ್ಲಿ ಬೆರಳು ಪಟ್ಟಿಯ ಮೇಲಿನಿಂದ ಎರಡನೆಯ ಸಾಲಿಗೆ ತಲುಪಿ ನಿಂತಿತು.

‘ಈ ಹದ್ನಾಲ್ಕನೇ ಅಂತಸ್ತಿಗೆ ಹೋದದ್ದ್ ನಾನೆಯಾ?’

‘ನೀವೇ ಸರ್. ಇಲ್ಲಿ ಮೇಷ್ಟ್ರ್ ಬಿಟ್ರೆ ಅಷ್ಟ್ ಆಳಕ್ಕೆ ಯಾರೂ ಹೋಯ್ಲಿಲ್ಲ.’

ಮೆಂಬರರು ಆಚೀಚೆ ನೋಡಿ ದನಿ ತಗ್ಗಿಸಿದರು. ‘ಕಳ್ದ್ ಸಲ ಎಲೆಕ್ಷನಿಗೆ ನನ್ನೆದ್ರ್ ನಿಂತಿದ್ನಲ್ಲೆ, ಅವ್ನ್ ಎಷ್ಟನೇದಕ್ಕೆ ಹೋಯ್ದ?’

ಹುಡುಕಿ ನೋಡಿದೆ. ‘ಎರಡನೇದ್ರಗೇ ಸತ್ತಿದ್ರ್ ಸರ್. ಕಪ್ಪೆ ಕಚ್ಚಿ.’

‘ಅರ್ಜಿ ಆಮೇಲೆ ಟೈಪ್ ಮಾಡ್’ ಎಂದರು ಮೆಂಬರರು. ‘ಮೊದ್ಲ್ ಇದ್ರದ್ದ್ ಹತ್ತ್ ಪ್ರಿಂಟ್ ತೆಗಿ.’

೩. ಹಪ್ಪಳದ ಅಡಿಯ ಬ್ರಹ್ಮರಾಕ್ಷಸ

ಏಳೆಂಟು ವರ್ಷ ಕಳೆಯಿತು. ಕೇಂದ್ರಕ್ಕೆ ಹೊಸ ಕಂಪ್ಯೂಟರುಗಳು ಬಂದವು. ‘ಬಿಲ’ ಅವುಗಳಲ್ಲಿ ತೆರೆಯಲೇ ಇಲ್ಲ. ಮೂಲೆಯ ಹಳೆಯದರಲ್ಲಿ ಮಾತ್ರ ಬದುಕಿತ್ತು. ಒಂದು ಮಳೆಗಾಲ ಸಿಡಿಲು ಬಡಿದು ಅದೂ ಹೋಯಿತು. ಮೇಷ್ಟ್ರು ಜೋಪಾನವಾಗಿ ತೆಗೆದಿಟ್ಟ ಫ್ಲಾಪಿಗಳನ್ನು ತೆರೆದು ನೋಡಿದರೆ, ನಮ್ಮ ಕಡಲ ಬದಿಯ ತೇವಕ್ಕೆ ಒಳಗೆಲ್ಲ ಬೂಷ್ಟು ಹಿಡಿದಿತ್ತು. ಜೊತೆಗೆ ಮೇಷ್ಟ್ರ ಕಣ್ಣಿಗೂ ಪೊರೆ ಬರುತ್ತಿತ್ತು. ಅಷ್ಟರೊಳಗೆ ನಾನು ಅವರ ಹತ್ತಿರ ಪ್ರೋಗ್ರಾಮಿಂಗ್ ಕಲಿತು ಅದನ್ನೇ ಕಲಿಸುವವಳಾಗಿದ್ದೆ. ಒಂದು ಭಾನುವಾರ ಬ್ರಹ್ಮಾವರದ ಮನೆಗೆ ಕರೆಸಿದರು.

‘ಹಳತ್ತನ್ನ ರಿಪೇರಿ ಮಾಡುದ್ ಬ್ಯಾಡ. ಅದ್ರ ಮುಂದಿನದ್ದನ್ನ ನೀ ಬರಿ’ ಎಂದರು. ಅವರ ಎದುರು ಆ ಆಟದ ಒಂದು ಸಾಲು ತಿದ್ದುವ ಧೈರ್ಯವೂ ನನಗಿರಲಿಲ್ಲ.

‘ಹೆಸ್ರ್ ‘ಬಿಲ ಎರಡು’ ಅಂದ್ ಇಡ್ಲಾ ಸರ್?’

‘ಹೆಸ್ರ್ ಈಗ್ಲೇ ಕೊಡುದಿಲ್ಲೆ. ನಾ ಬರ್ದದ್ದನ್ನೇ ನೀ ಮತ್ತೆ ಬರ್ದ್ರೆ ಅದ್ ನಕಲ್. ನಾ ಅಂದ್ಕಣ್ದೇ ಇದ್ದದ್ದ್ ಒಂದಾರೂ ಅದ್ರೊಳ್ಗ್ ಆಯ್ಕ್. ನಂಗ್ ಒಂದ್ ಸಲ ಆಶ್ಚರ್ಯ ಆಯ್ಕ್. ಆ ದಿನ ಹೆಸ್ರ್ ನಿಂದ್.’

ಹೆಸರೊಂದನ್ನು ಬಿಟ್ಟು ಬೇರೆ ಏನೂ ಬೇಡ ಎನ್ನಿಸಿತು ನನಗೆ. ಆಟಕ್ಕೆ ನೂರು ಹೆಸರು ಸಿಕ್ಕೀತು, ಆದರೆ ಅವರ ಬಾಯಿಂದ ಆ ಎರಡು ಪದ ಬರಬೇಕಾಗಿತ್ತು.

ಪುಣ್ಯಕ್ಕೆ ಹಿಂದೊಮ್ಮೆ ಅವರು ಇಡೀ ಪ್ರೋಗ್ರಾಮನ್ನು ಕಾಗದದ ಮೇಲೆ ಪ್ರಿಂಟ್ ಮಾಡಿಸಿದ್ದರು. ಹಾಳೆಗೆ ಹಾಳೆ ಅಂಟಿಕೊಂಡು ಬರುವ, ಬದಿಯಲ್ಲಿ ತೂತುಗಳಿರುವ ಉದ್ದ ಕಾಗದ. ಅದನ್ನು ಓದಿ ಅರ್ಥ ಮಾಡಿಕೊಂಡರೆ ಹೊಸದನ್ನು ಕಟ್ಟಬಹುದು. ‘ಅಟ್ಟದಲ್ಲಿ ಇತ್ತ್, ತೆಗ್ದ್ ಕೊಡ್’ ಎಂದು ಹೆಂಡತಿಗೆ ಹೇಳಿದರು. ನಾವೆಲ್ಲ ಅಮ್ಮ ಎಂದೇ ಕರೆಯುವ ಆಕೆ ಅಡುಗೆಮನೆಯ ಬಾಗಿಲಲ್ಲಿ ಸೆರಗು ಹಿಂಡುತ್ತ ನಿಂತರು.

‘ಅದ್ ಬೇಕಿತ್ತಾ? ಹಲ್ಸಿನ್ ಹಪ್ಪಳ ಒಣ್ಗ್ಸುಕೆ ಎಷ್ಟ್ ಲಾಯ್ಕ್ ಇತ್ತ್ ಗೊತ್ತಾ. ನಾನೂ ಇಟ್ಕಂಡೆ, ಆಚೀಚಿ ಮನಿಯರಿಗೂ ಕೊಟ್ಟೆ.’

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ನಾನು ಚೀಲ ಹಿಡಿದು ಆ ಬೀದಿಯ ಒಂದೊಂದೇ ಮನೆಯ ಬಾಗಿಲು ತಟ್ಟಿದೆ. ಹುಲಿ, ಬಾವಲಿಗಳ ಹಾಳೆಗಳು ಮೊದಲ ಮನೆಯಲ್ಲೇ ಸಿಕ್ಕಿದವು, ಎಣ್ಣೆ ಕುಡಿದು ಪಾರದರ್ಶಕವಾಗಿದ್ದವು. ಚಕ್ಕುಲಿ ಬಳಸುವ ಮಂತ್ರಗಳೆಲ್ಲ ಎರಡನೆಯ ಮನೆಯ ಡಬ್ಬಿಗಳ ಅಡಿಯಲ್ಲಿದ್ದವು. ಹೊಸ ದಾರಿ ಹುಟ್ಟಿಸುವ ಭಾಗ, ಅಂದರೆ ಇಡೀ ಆಟದ ಪ್ರಾಣ, ಒಂದು ದೊಡ್ಡ ಹಪ್ಪಳದ ಅಚ್ಚಿನೊಂದಿಗೆ ಸಿಕ್ಕಿತು. ಅದನ್ನು ಬಸ್ಸಿನಲ್ಲಿ ಓದುತ್ತ ಹೋದವಳು ಬೈಂದೂರಿನಲ್ಲಿ ಇಳಿಯುವುದನ್ನೇ ಮರೆತೆ. ನಲವತ್ತು ಸಾಲು, ಅಷ್ಟೇ. ಅಷ್ಟರಲ್ಲಿ ಮುಗಿಯದಷ್ಟು ಪಾತಾಳಗಳಿದ್ದವು.

ಬ್ರಹ್ಮರಾಕ್ಷಸ ಮಾತ್ರ ಎಲ್ಲೂ ಇರಲಿಲ್ಲ. ಮರುವಾರ ಮತ್ತೆ ಹೋಗಿ ವಿಚಾರಿಸಿದಾಗ, ಕೊನೆಯ ಮನೆಯ ಹೆಂಗಸು ತನ್ನ ಸೀರೆ ಕಪಾಟಿನ ತಳದಿಂದ ಅವನನ್ನು ಎಳೆದು ಕೊಟ್ಟಳು. ನಾನು ಕಣ್ಣಿಗೊತ್ತಿಕೊಂಡು ಹೊರಟೆ. ಗೇಟಿನವರೆಗೆ ಹಿಂದೆಯೇ ಬಂದಳು.

‘ಹ್ವಾಯ್, ಹಾಂಗೇ ಹೋಪುದಾ? ನನ್ನ ಕಪಾಟಿಗೆ ಬೇರೆ ರಾಕ್ಷಸನ್ನ ಕೊಟ್ಟ್ ಹೋಯ್ನಿ.’

೪. ಪಾತಾಳದಲ್ಲಿ ಪಂಕ್ತಿ

ಹೊಸ ಆಟ ಕಟ್ಟಲು ಕೂತೆ. ಹಗಲು ಪಾಠ, ಸಂಜೆ ಬಸ್ಸಿನಲ್ಲಿ ನೋಟುಪುಸ್ತಕ. ಮೇಷ್ಟ್ರಿಗೆ ಆಶ್ಚರ್ಯವಾಗುವಂಥದ್ದು ಏನಾದರೂ ಬೇಕಲ್ಲ. ಹಳೆಯ ‘ಬಿಲ’ದಲ್ಲಿ ಹಸಿವು ಚಕ್ಕುಲಿಗೆ ಮಾತ್ರ ಇತ್ತು. ಹುಲಿ, ರಾಕ್ಷಸರು ಊಟವಿಲ್ಲದೆ ವರ್ಷಗಟ್ಟಲೆ ಕಾಯುತ್ತಿದ್ದರು. ಇದು ನ್ಯಾಯವಲ್ಲ ಎನ್ನಿಸಿ ಎಲ್ಲರಿಗೂ ಹಸಿವು ಇಟ್ಟೆ.

ಆಡಿ ನೋಡಲು ಒಬ್ಬರು ಬೇಕಿತ್ತು. ಸಿಕ್ಕಿದವರು ತಲ್ಲೂರಿನ ಕಡೆಯ ಒಬ್ಬ ಹೋಟೆಲಿನವರು. ಮೆನು ಕಾರ್ಡು ಮಾಡಿಸಲು ಬಂದವರು ಆಟ ನೋಡಿ ಕೂತೇಬಿಟ್ಟರು. ಮೆನು ಇವತ್ತಿಗೂ ಮುಗಿದಿಲ್ಲ. ಒಂದು ಗಂಟೆ ಆಡಿ ನನ್ನನ್ನು ಕರೆದರು.

‘ಎಂತ ಮಾರಾಯ್ತಿ ಇದ್, ಹತ್ತ್ ಅಂತಸ್ತ್ ಇಳ್ದೆ, ಒಂದ್ ನರಪಿಳ್ಳೆ ಇಲ್ಲೆ!’

ಹೋಗಿ ನೋಡಿದರೆ ಪಾತಾಳ ಪೂರ್ತಿ ನಿಶ್ಶಬ್ದ. ಹುಲಿಗಳು, ರಾಕ್ಷಸರು, ಯಕ್ಷಿಯರು ಎಲ್ಲರೂ ಹಸಿವಿನಿಂದ ಸತ್ತುಬಿದ್ದಿದ್ದರು. ಹಸಿವು ಇಟ್ಟಿದ್ದೆ, ಅನ್ನ ಇಡಲು ಮರೆತಿದ್ದೆ.

‘ಹೋಟ್ಲ್ ಇಲ್ದೇ ಊರ್ ಕಟ್ಟಿದ್ಯಾ?’ ಎಂದು ಅವರು ನನಗೆ ಬೈದರು. ಅವರ ಸಲಹೆಯಂತೆ ನಾಲ್ಕನೆಯ ಅಂತಸ್ತಿನಲ್ಲಿ ಎಂದೂ ಬರಿದಾಗದ ಒಂದು ಅನ್ನದ ಕೊಪ್ಪರಿಗೆ ಇಟ್ಟೆ. ಮರುದಿನ ಮತ್ತೆ ಕರೆದರು. ಈ ಸಲ ಅವರ ದನಿಯಲ್ಲಿ ಬೆರಗು ಇತ್ತು.

ನಾಲ್ಕನೆಯ ಅಂತಸ್ತಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಡೀ ಪಾತಾಳ ಮೇಲಿನಿಂದ, ಕೆಳಗಿನಿಂದ ಅಲ್ಲಿಗೆ ಬಂದು ಸೇರಿತ್ತು. ಕೊಪ್ಪರಿಗೆಯ ಸುತ್ತ ಉಣ್ಣುವವರು, ಅವರ ಹಿಂದೆ ಒಂದೊಂದು ಸಾಲು ಕಾಯುವವರು. ಹುಲಿಯ ಹಿಂದೆ ಜಿಂಕೆ, ಜಿಂಕೆಯ ಹಿಂದೆ ರಾಕ್ಷಸ. ಯಾರೂ ಯಾರನ್ನೂ ಕಚ್ಚುತ್ತಿಲ್ಲ. ಹೋಟೆಲಿನವರು ಮೆಲ್ಲಗೆ ಹೇಳಿದರು, ‘ನಮ್ಮ ಕಡಿ ಮದ್ವಿ ಊಟದ ಮೊದ್ಲ್ ಪಂಕ್ತಿ ಹೀಂಗೆಯೇ. ಉಂಬರ್ ಬೆನ್ನ್ ಹಿಂದೆ ಎರಡನೇ ಪಂಕ್ತಿಯರ್ ನಿಂತಿರ್ತ್ರ್ ಕಾಣ್.’

ನಾನು ಪಂಕ್ತಿ ಎಂದು ಎಲ್ಲೂ ಬರೆದಿರಲಿಲ್ಲ. ಅದು ತಾನಾಗಿಯೇ ಆಗಿತ್ತು. ಪರದೆಯ ಎದುರು ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಇದೇ ಆ ಆಶ್ಚರ್ಯ, ಹೆಸರು ಸಿಕ್ಕಿತು ಎಂದು ಮೇಷ್ಟ್ರಿಗೆ ಫೋನು ಮಾಡಿ, ಉಸಿರು ಬಿಡದೆ ಎಲ್ಲ ಹೇಳಿದೆ.

‘ಹಸ್ದವ್ರ್ ಅನ್ನ ಇದ್ದಲ್ಲಿಗೆ ಬಂದದ್ದ್’ ಎಂದರು ಮೇಷ್ಟ್ರು. ‘ಅದ್ರಗೆ ಆಶ್ಚರ್ಯ ಎಂತದ್ದ್ ಇತ್ತ್?’

೫. ಕಣ್ಣು ಕಟ್ಟಿಕೊಂಡು

ಆಟ ಒಂದು ಹದಕ್ಕೆ ಬಂದಾಗ ಮೇಷ್ಟ್ರ ಮನೆಯ ಕಂಪ್ಯೂಟರಿಗೆ ಹಾಕಿ ಕೊಟ್ಟು ಬಂದೆ. ಎರಡು ವಾರದ ಬಳಿಕ ಅವರ ಕಣ್ಣಿನ ಆಪರೇಷನ್ ಆಯಿತು. ನೋಡಿ ಬರೋಣವೆಂದು ಕಿತ್ತಳೆ ಹಣ್ಣು ಹಿಡಿದುಕೊಂಡು ಹೋದೆ.

ಮೇಷ್ಟ್ರು ಒಂದು ಕಣ್ಣಿಗೆ ಹತ್ತಿ ಅಂಟಿಸಿಕೊಂಡು, ಇನ್ನೊಂದನ್ನು ಮುಚ್ಚಿಕೊಂಡು ಕಂಪ್ಯೂಟರಿನ ಎದುರು ಕೂತಿದ್ದರು. ಬೆರಳುಗಳು ಮಾತ್ರ ಕೀಲಿಗಳ ಮೇಲೆ ಓಡುತ್ತಿದ್ದವು. ನಾನು ಹಿಂದೆ ಹೋಗಿ ನಿಂತೆ. ಚಕ್ಕುಲಿ ಆರನೆಯ ಅಂತಸ್ತಿನಲ್ಲಿತ್ತು. ಕಣ್ಣು ಮುಚ್ಚಿದ ಮೇಷ್ಟ್ರು ಎಡಕ್ಕೆ ತಿರುಗಿ ಒಂದು ಹೊಂಡ ತಪ್ಪಿಸಿದರು, ಕತ್ತಿ ಬೀಸಿ ಒಂದು ಬಾವಲಿ ಕೊಂದರು, ಮೆಟ್ಟಿಲು ಹುಡುಕಿ ಏಳನೆಯದಕ್ಕೆ ಇಳಿದರು. ನನ್ನ ಕೈಯ ಕಿತ್ತಳೆ ಕೆಳಗೆ ಬಿತ್ತು. ಇವರಿಗೆ ಒಳಗಣ್ಣು ತೆರೆದಿದೆ, ಇದು ತಪಸ್ಸಿನ ಫಲ ಎಂದೇ ನಂಬಿದೆ.

‘ಸರ್, ಕಾಣ್ದೇ ಹ್ಯಾಂಗ್ ಆಡ್ತ್ರಿ?’

‘ಬಂದ್ಯಾ? ಕೂಕೋ’ ಎಂದರು, ಕಣ್ಣು ತೆರೆಯದೆ. ‘ಈಗ ಬಲಕ್ಕ್ ಮೂರ್ ಹೆಜ್ಜಿ. ಅಲ್ಲೊಂದ್ ಹುಲಿ ಬತ್ತ್. ಬಂತಾ?’

ಬಂದಿತ್ತು.

‘ನಿನ್ನ ಆಟ ಪ್ರತಿ ಸಲ ಶುರು ಮಾಡ್ದಾಗ್ಲೂ ಅದೇ ಗ್ವಾಡಿ, ಅದೇ ಹುಲಿ. ದಾಳ ಹಾಕುಕ್ ಮೊದ್ಲ್ ಅದ್ನ ಕಲ್ಕುಕೆ ಹೇಳ್ಲಿಲ್ಲ ನೀ. ಹತ್ತ್ ಸಲ ಆಡಿ ಬಾಯಿಪಾಠ ಆಯ್ತ್.’

ತಪ್ಪು ಒಂದೇ ಸಾಲಿನದು. ಪ್ರತಿ ಆಟಕ್ಕೂ ಬೇರೆ ದಾರಿ ಬರುವಂತೆ ಅದೃಷ್ಟವನ್ನು ಹೊಸದಾಗಿ ಕಲಕಬೇಕಾದ ಸಾಲನ್ನೇ ಬರೆದಿರಲಿಲ್ಲ. ನನ್ನ ಕಂಪ್ಯೂಟರಿನಲ್ಲಿ ದಿನವೂ ಏನಾದರೊಂದು ತಿದ್ದುತ್ತಿದ್ದೆನಾದ್ದರಿಂದ ದಾರಿಯೂ ಬದಲಾಗುತ್ತಿತ್ತು, ನನಗೆ ತಿಳಿದಿರಲಿಲ್ಲ. ತಲೆ ತಗ್ಗಿಸಿ ಕಿತ್ತಳೆ ಹೆಕ್ಕಿದೆ. ಹೆಸರಿನ ವಿಷಯ ಎತ್ತುವ ಬಾಯಿ ಇರಲಿಲ್ಲ.

ಮೇಷ್ಟ್ರೇ ಎತ್ತಿದರು. ‘ಬಿಲ ಎರಡು ಅಂದ್ ಇದ್ಕೆ ಹ್ಯಾಂಗ್ ಹೇಳುದ್? ಇದ್ ನಮ್ಮನಿ ಬಚ್ಚಲಿಗ್ ಹೋಪ ದಾರಿ. ಕಣ್ಣ್ ಇಲ್ದೇ ಇದ್ರೂ ಹೋಯ್ಲಕ್ಕ್.’

೬. ದಾರಿಗೆ ಅಡ್ಡ ಮಲಗಿದ್ದು

ಪಾತಾಳವೆಂದ ಮೇಲೆ ನಾಗ ಇರಬೇಕಲ್ಲ. ದಾರಿಯನ್ನು ಸರಿಮಾಡಿದ ಮೇಲೆ ಒಂದಷ್ಟು ನಾಗರಹಾವುಗಳನ್ನೂ ಬಿಟ್ಟೆ. ಇಂಗ್ಲಿಷಿನ ಎಸ್ ಅಕ್ಷರ, ಸುಮ್ಮನೆ ಮಲಗಿರುತ್ತದೆ, ಕೆಣಕಿದರೆ ಕಚ್ಚುತ್ತದೆ. ಇದರಲ್ಲಿ ವಿಶೇಷ ಏನಾದರೂ ಇದೆ ಎಂದು ನನಗನ್ನಿಸಿರಲಿಲ್ಲ.

ಒಂದು ಬೆಳಿಗ್ಗೆ ಹೋಟೆಲಿನವರು ಬಾಡಿದ ಮುಖ ಹೊತ್ತು ಬಂದರು. ಅವಸರದಲ್ಲಿ ಕೀಲಿಯನ್ನು ಒತ್ತಿಹಿಡಿದಿದ್ದರಂತೆ. ಚಕ್ಕುಲಿ ದಡದಡನೆ ಓಡಿ, ದಾರಿಯಲ್ಲಿ ಮಲಗಿದ್ದ ನಾಗನನ್ನು ಕೊಂದುಬಿಟ್ಟಿತ್ತು.

‘ಗ್ರಹಚಾರ ಮಾರಾಯ್ತಿ. ಮೂರ್ ದಿನದಿಂದ ಊಟ ಸೇರುದಿಲ್ಲೆ. ಜೋಯ್ಸರ ಹತ್ರ ಕೇಣ್ಕಂಡ್ ಬಂದೆ.’

‘ಎಂತ ಹೇಳ್ರ್?’

‘ಮೊದ್ಲ್ ಅವ್ರಿಗೆ ಅರ್ಥ ಆಯ್ಲಿಲ್ಲ. ಅರ್ಥ ಆದ್ಮೇಲೆ, ಕಂಪ್ಯೂಟ್ರ್ ಒಳ್ಗ್ ಕೊಂದದ್ದಕ್ಕೆ ಹೊರ್ಗ್ ಹಾಲೆರೆದ್ರೆ ತಾಗುದಿಲ್ಲೆ, ಒಳ್ಗೇ ಎರೀಕ್ ಅಂದ್ರ್. ನೀನೇ ದಾರಿ ಮಾಡ್.’

ನಗು ಬಂದರೂ ನಗಲಿಲ್ಲ. ನಿಜ ಹೇಳಬೇಕೆಂದರೆ, ಆ ಅಕ್ಷರದ ಎದುರು ಬಂದಾಗ ನನ್ನ ಚಕ್ಕುಲಿಯೂ ಸುತ್ತು ಬಳಸಿಯೇ ಹೋಗುತ್ತಿತ್ತು. ಮೂರನೆಯ ಅಂತಸ್ತಿನಲ್ಲಿ ಒಂದು ನಾಗಬನ ಕಟ್ಟಿದೆ. ಒಂದು ಮರ, ಒಂದು ನಾಗನ ಕಲ್ಲು, ಪಕ್ಕದಲ್ಲಿ ಹಾಲಿನ ತಂಬಿಗೆ. ಹಾವು ಕೊಂದವರ ಬಲ ಅರ್ಧಕ್ಕೆ ಇಳಿಯಬೇಕು, ಅಲ್ಲಿ ಹಾಲೆರೆದರೆ ಮಾತ್ರ ಮರಳಬೇಕು ಎಂದು ನಿಯಮ ಬರೆದೆ. ಚಕ್ಕುಲಿಯ ಜೊತೆ ಒಮ್ಮೊಮ್ಮೆ ಸಹಾಯಕ್ಕೆ ಬಂಟರೂ ಬರುತ್ತಾರೆ. ಅವರಿಗೂ ತಾಗಲಿ, ತಾವೇ ಹೋಗಿ ಎರೆದು ಬರಲಿ ಎಂದು ನಿಯಮದಲ್ಲಿ ‘ನಾಯಕ’ ಎಂದು ಬರೆಯದೆ ‘ಎಲ್ಲ ಜೀವಿಗಳು’ ಎಂದು ಬರೆದೆ. ಹೋಟೆಲಿನವರು ಅಲ್ಲೇ ಕೂತು, ಚಪ್ಪಲಿ ಕಳಚಿ, ಕೀಲಿ ಒತ್ತಿ ಹಾಲೆರೆದರು. ಆ ಮಧ್ಯಾಹ್ನ ಎರಡು ಊಟ ಮಾಡಿದರಂತೆ.

ಮೇಷ್ಟ್ರಿಗೆ ಈ ವಿಷಯ ಹೇಳಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ‘ಕಂಡದ್ದನ್ನ ಮಾತ್ರ ನಂಬಿ’ ಎಂದು ಪಾಠ ಮಾಡಿದವರು ಅವರು. ದೋಷ, ಪರಿಹಾರ ಎಂದರೆ ಕೈಯಲ್ಲಿದ್ದ ಸೀಮೆಸುಣ್ಣ ಎಸೆಯುತ್ತಿದ್ದರಂತೆ. ಹೊಸ ಆಟವನ್ನು ಸುಮ್ಮನೆ ಅವರ ಕಂಪ್ಯೂಟರಿಗೆ ಹಾಕಿ ಬಂದೆ.

ಹನ್ನೆರಡನೆಯ ದಿನ ಬೆಳಿಗ್ಗೆ ಅವರ ಫೋನು. ‘ಬಾ. ಇಪ್ಪತ್ತೊಂದಕ್ಕೆ ಇಳ್ದಿದ್ದೆ.’

ಜೀವಮಾನದಲ್ಲಿ ಮೊದಲ ಸಲ! ಹೋಟೆಲಿನವರ ಕಾರಿನಲ್ಲಿ ಇಬ್ಬರೂ ಬ್ರಹ್ಮಾವರಕ್ಕೆ ಹೊರಟೆವು. ಮೇಷ್ಟ್ರು ಚಾವಡಿಯಲ್ಲಿ ಕೂತಿದ್ದರು. ಪರದೆಯ ಮೇಲೆ ಒಬ್ಬರೇ ಹೋಗಬಹುದಾದಷ್ಟು ಇಕ್ಕಟ್ಟಿನ ಓಣಿ. ಓಣಿಯ ಕೊನೆಗೆ ಬಾಗಿಲು. ಬಾಗಿಲಾಚೆ ಬ್ರಹ್ಮರಾಕ್ಷಸ ಮತ್ತು ಮಾಣಿಕ್ಯ. ಬಾಗಿಲ ಈಚೆ, ದಾರಿಗೆ ಅಡ್ಡವಾಗಿ ಒಂದು ಎಸ್.

‘ಮಂತ್ರ ಎಲ್ಲ ಖಾಲಿ. ಕತ್ತಿ ಒಂದ್ ಇತ್ತ್’ ಎಂದರು ಮೇಷ್ಟ್ರು. ‘ಈ ಹಾವಿಗೆ ನಾಲ್ಕ್ ಪೆಟ್ಟ್ ಸಾಕ್.’

‘ಮೇಷ್ಟ್ರೇ, ಹೊಡುಕಾಗ!’ ಎಂದು ಹೋಟೆಲಿನವರು ಎದ್ದೇ ನಿಂತರು. ಗಲಾಟೆಗೆ ಮೇಷ್ಟ್ರ ಮನೆಯ ಅಮ್ಮ ಒಳಗಿನಿಂದ ಬಂದರು. ‘ಎಂತ ಅದ್?’

‘ನಾಗ, ಅಮ್ಮ’ ಎಂದೆ.

‘ಅಯ್ಯೋ ದೇವ್ರೇ. ಹೊಡಿಬ್ಯಾಡಿ ಅಂದೆ ಕಾಣಿ.’

‘ಅದೊಂದ್ ಅಕ್ಷರ ಮಾರಾಯ್ತಿ!’ ಮೇಷ್ಟ್ರು ಬೆರಳನ್ನು ಕೀಲಿಯ ಮೇಲಿಟ್ಟರು. ಇಟ್ಟ ಬೆರಳು ಅಲ್ಲೇ ಉಳಿಯಿತು. ನಾವು ಮೂವರೂ ಅದನ್ನೇ ನೋಡುತ್ತಿದ್ದೆವು. ಅವರ ಹಣೆಯಲ್ಲಿ ಬೆವರು ಮೂಡಿತು. ಒಮ್ಮೆ ಕೆಮ್ಮಿದರು. ಆಮೇಲೆ ಬೆರಳನ್ನು ಮೆಲ್ಲಗೆ ಪಕ್ಕದ ಕೀಲಿಗೆ ಸರಿಸಿದರು. ಅದು ‘ಕಾಯು’ ಎನ್ನುವ ಕೀಲಿ.

‘ಹೆದ್ರಿ ಅಲ್ಲ’ ಎಂದರು, ಯಾರೂ ಕೇಳದಿದ್ದರೂ. ‘ಅದೇ ಹೋತ್ತಾ ಕಾಂಬ ಅಂದ್.’

ಒಂದು ಸಲ ಕಾದರು. ಹತ್ತು ಸಲ ಕಾದರು. ಹಾವು ಅಲುಗಲಿಲ್ಲ. ‘ಹೋಗ್ ದೇವ್ರೇ, ನಿನ್ನ ದಾರಿಗೆ ನೀ ಹೋಗ್’ ಎಂದು ಅಮ್ಮ ಪರದೆಗೆ ಕೈಮುಗಿದರು. ಇಷ್ಟು ಹೊತ್ತು ಚಕ್ಕುಲಿ ಬಾಗಿಲ ಹತ್ತಿರ ನಿಂತದ್ದು ಒಳಗಿದ್ದವನಿಗೆ ಗೊತ್ತಾಯಿತು. ಬಾಗಿಲು ತೆರೆಯಿತು. ಬ್ರಹ್ಮರಾಕ್ಷಸ ಗದೆ ಎತ್ತಿಕೊಂಡು ಹೊರಗೆ ಬಂದ.

‘ಮುಗೀತ್’ ಎಂದು ಮೇಷ್ಟ್ರು ಕುರ್ಚಿಗೆ ಒರಗಿದರು. ನನಗೂ ಮುಗಿಯಿತು ಎಂದೇ ಅನ್ನಿಸಿತು. ಚಕ್ಕುಲಿ ಸತ್ತರೆ ಆಟ ಹೋಯಿತು, ಹೆಸರೂ ಹೋಯಿತು. ಇನ್ನೊಮ್ಮೆ ಇಪ್ಪತ್ತೊಂದಕ್ಕೆ ಇಳಿಯುವ ತಾಳ್ಮೆ ಈ ವಯಸ್ಸಿನಲ್ಲಿ ಅವರಿಗೆ ಎಲ್ಲಿಂದ ಬರಬೇಕು?

ಆದರೆ ಓಣಿ ಇಕ್ಕಟ್ಟು. ಬ್ರಹ್ಮರಾಕ್ಷಸನಿಗೂ ಚಕ್ಕುಲಿಗೂ ನಡುವೆ ಹಾವು. ಅವನು ಗದೆ ಬೀಸಿದ. ಹಾವು ಸತ್ತಿತು. ಪರದೆಯ ತಲೆಯಲ್ಲಿ ಒಂದು ಸಾಲು ಮೂಡಿತು: ‘ಬ್ರಹ್ಮರಾಕ್ಷಸನಿಗೆ ನಾಗದೋಷ ತಾಗಿತು.’

ಬ್ರಹ್ಮರಾಕ್ಷಸ ಒಂದು ಕ್ಷಣ ನಿಂತ. ಆಮೇಲೆ ಮುಂದೆ ಬಂದ. ಮೇಷ್ಟ್ರು ಚಕ್ಕುಲಿಯನ್ನು ಗೋಡೆಯ ಸಂದಿಗೆ ಸರಿಸಿ ಜಾಗ ಬಿಟ್ಟರು. ಅವನು ಚಕ್ಕುಲಿಯನ್ನು ಮುಟ್ಟಲಿಲ್ಲ, ತಿರುಗಿಯೂ ನೋಡಲಿಲ್ಲ. ನೇರ ಹೋಗಿ ಮೆಟ್ಟಿಲು ಹತ್ತಿ ಕಾಣೆಯಾದ.

‘ಎಲ್ಲಿಗ್ ಹೋದ ಇವ್ನ್?’ ಎಂದರು ಮೇಷ್ಟ್ರು. ಯಾರಿಗೂ ಗೊತ್ತಿರಲಿಲ್ಲ. ನನಗೆ ಮಾತ್ರ ಒಂದು ಅನುಮಾನ ಹುಟ್ಟಿತ್ತು.

ತೆರೆದ ಬಾಗಿಲು. ಒಳಗೆ ಮಾಣಿಕ್ಯ. ಮೇಷ್ಟ್ರು ಅದನ್ನು ಎತ್ತಿಕೊಂಡು ಒಂದೊಂದೇ ಅಂತಸ್ತು ಹತ್ತಿದರು. ಮೂರನೆಯದಕ್ಕೆ ಬಂದಾಗ ಮರ ಕಂಡಿತು, ಕಲ್ಲು ಕಂಡಿತು, ಕಲ್ಲಿನ ಎದುರು ಅವನು ಕಂಡ. ಸಾಲು ಮೂಡಿತು: ‘ಬ್ರಹ್ಮರಾಕ್ಷಸ ಹಾಲೆರೆಯುತ್ತಿದ್ದಾನೆ.’

ಮೇಷ್ಟ್ರು ಅವನಿಗೆ ತೊಂದರೆಯಾಗದ ಹಾಗೆ ಚಕ್ಕುಲಿಯನ್ನು ಬದಿಯಿಂದ ನಡೆಸಿಕೊಂಡು ಹೋಗಿ, ಬಿಲದಿಂದ ಹೊರಗೆ ಬಂದರು. ಗೆದ್ದರು. ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಕಣ್ಣು ತುಂಬಿತ್ತು.

‘ಇದ್ ನೀ ಬರ್ದದ್ದಾ?’

‘ಇಲ್ಲ ಸರ್. ನಂಗೂ ಗೊತ್ತಿರ್ಲಿಲ್ಲ.’

‘ಹಾಂಗಾರೆ ಇದ್ ಬಿಲವೇ’ ಎಂದರು. ‘ಬರಿ. ಬಿಲ ಎರಡು.’

ನಾನು ಅವರ ಕಾಲು ಮುಟ್ಟಲು ಬಗ್ಗಿದೆ. ಅಳು ಬಂದುಬಿಟ್ಟಿತ್ತು. ಹೋಟೆಲಿನವರೂ ಮೂಗು ಒರೆಸಿಕೊಳ್ಳುತ್ತಿದ್ದರು. ಅಮ್ಮ ಮಾತ್ರ ಸೊಂಟದ ಮೇಲೆ ಕೈಯಿಟ್ಟು, ಇನ್ನೂ ಪರದೆಯನ್ನೇ ನೋಡುತ್ತ ನಿಂತಿದ್ದರು. ಆಮೇಲೆ ನಮ್ಮ ಕಡೆ ತಿರುಗಿ, ಗಂಡನತ್ತ ಕೈ ತೋರಿಸಿದರು.

‘ಮದ್ವಿ ಆದಲ್ಲಿಂದ ಹೇಳ್ತಾ ಇದ್ದೆ, ನಾಗಂಗೆ ಹಾಲೆರೂಕೆ ಒಂದ್ ಸಲ ಬನ್ನಿ ಅಂದ್. ಈ ಜನ ಒಂದ್ ವರ್ಷ ಬರ್ಲಿಲ್ಲ. ಕಾಣಿ, ಬ್ರಹ್ಮರಾಕ್ಷಸ ಯಾರೂ ಹೇಳ್ದೇ ಹೊರ್ಟ!’